ಫೋರ್ಟ್ ಲೀಗೆ ಈಗ ಇರುವುದೂ ಕಪ್ಪು ಸೈನಿಕನ ಹೆಸರೇ, ಮತ್ತೆ ಗಲಾಟೆ ಯಾಕೆ?

ನಿಮ್ಮ ಪ್ರಶ್ನೆ ಸರಿಯಾಗಿಯೇ ಇದೆ. ಅಮೆರಿಕದ ವರ್ಜೀನಿಯಾದಲ್ಲಿರುವ ಈ ಸೇನಾ ನೆಲೆಗೆ 2025ರಲ್ಲಿ ಫಿಟ್ಸ್ ಲೀ ಎಂಬ ಕಪ್ಪು ಸೈನಿಕನ ಹೆಸರಿಟ್ಟರು, ನಿಜ. ಆದರೆ ಅದಕ್ಕಾಗಿ ಯಾರ ಹೆಸರು ತೆಗೆದರು ಅಂತ ನೋಡಿದರೆ ನಿಮಗೂ ಸ್ವಲ್ಪ ಸಿಟ್ಟು ಬರುತ್ತೆ.

ಮೊದಲು ಅಲ್ಲಿದ್ದದ್ದು ರಾಬರ್ಟ್ ಇ. ಲೀ ಹೆಸರು. ಅಂತರ್ಯುದ್ಧದಲ್ಲಿ ಗುಲಾಮಗಿರಿ ಬಿಡದ ದಕ್ಷಿಣ ರಾಜ್ಯಗಳ ಪರವಾಗಿ ಅಮೆರಿಕದ ಸೇನೆಯ ಮೇಲೆಯೇ ಯುದ್ಧ ಮಾಡಿದವನು. 2023ರ ಏಪ್ರಿಲ್‌ನಲ್ಲಿ ಅದನ್ನು ತೆಗೆದು, ಇಬ್ಬರು ಕಪ್ಪು ಸೇನಾಧಿಕಾರಿಗಳ ಹೆಸರು ಸೇರಿಸಿ ಫೋರ್ಟ್ ಗ್ರೆಗ್-ಆಡಮ್ಸ್ ಅಂತ ಇಟ್ಟರು.

ಚಾರಿಟಿ ಆಡಮ್ಸ್ ಬಗ್ಗೆ ನಾನು ಎಷ್ಟು ಹೇಳಿದರೂ ಕಡಿಮೆಯೇ. 1945ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಅಮೆರಿಕನ್ ಸೈನಿಕರ ಸುಮಾರು 1.7 ಕೋಟಿ ಕಾಗದ, ಪಾರ್ಸೆಲ್ಲು ಬಟವಾಡೆಯಾಗದೆ ರಾಶಿ ಬಿದ್ದಿದ್ದವು, ಮನೆಯವರು ಕಳಿಸಿದ್ದ ಕೇಕುಗಳನ್ನು ಇಲಿಗಳು ತಿನ್ನುತ್ತಿದ್ದವು. ಆ ರಾಶಿ ಕರಗಿಸಿದ್ದು ಈಕೆಯ 6888ನೇ ಬೆಟಾಲಿಯನ್ನಿನ ಹೆಣ್ಣುಮಕ್ಕಳು, ಹೆಚ್ಚುಕಡಿಮೆ ಎಲ್ಲರೂ ಕಪ್ಪು ಮಹಿಳೆಯರು. ರಾಬರ್ಟ್ ಸ್ಮಿತ್ ಅನ್ನೋ ಹೆಸರಿನ ಸೈನಿಕರೇ 7,500ಕ್ಕೂ ಜಾಸ್ತಿ ಇದ್ದರಂತೆ! ನಮ್ಮಲ್ಲಿ ಸುಮ್ನೆ 'ಮಂಜುನಾಥ, ಬೆಂಗಳೂರು' ಅಂತ ಬರೆದು ಡಬ್ಬಿಗೆ ಹಾಕಿದ ಹಾಗೆ. ಸೈನಿಕರ ನಂಬರ್ ಹಿಡಿದು, ಮೂರು ಶಿಫ್ಟಿನಲ್ಲಿ ಹಗಲೂ ರಾತ್ರಿ ಕೂತು, ಆರು ತಿಂಗಳ ಕೆಲಸವನ್ನು ಮೂರೇ ತಿಂಗಳಲ್ಲಿ ಮುಗಿಸಿದರು.

ಇನ್ನು ಆರ್ಥರ್ ಗ್ರೆಗ್. 1950ರಲ್ಲಿ ಇದೇ ಫೋರ್ಟ್ ಲೀಯಲ್ಲಿ ಹೊಸ ಆಫೀಸರ್. ಸೇನೆಯಲ್ಲಿ ಕಪ್ಪು-ಬಿಳಿ ಭೇದ ನಿಲ್ಲಿಸಿ ಅಂತ 1948ರಲ್ಲೇ ಆದೇಶ ಬಂದಿತ್ತು, ಆದರೂ ಇಲ್ಲಿಯ ಆಫೀಸರ್ಸ್ ಕ್ಲಬ್ಬಿನೊಳಗೆ ಇವರಿಗೆ ಜಾಗವಿರಲಿಲ್ಲ. ಮುಂದೆ ಲೆಫ್ಟಿನೆಂಟ್ ಜನರಲ್ ಆದರು. 2023ರಲ್ಲಿ ಹೆಸರಿಡುವ ಸಮಾರಂಭಕ್ಕೆ ತಾವೇ ಬಂದು ಕೂತಿದ್ದರು, ಆ ಕ್ಲಬ್ಬಿಗೂ ಇವರಿಬ್ಬರ ಹೆಸರೇ ಬಂತು. 2024ರ ಆಗಸ್ಟಿನಲ್ಲಿ ತೀರಿಕೊಂಡರು. ವರ್ಷ ತುಂಬುವ ಮೊದಲೇ ಅವರ ಹೆಸರು ನೆಲೆಯಿಂದ ಹೋಯಿತು.

ಟ್ರಂಪ್ ಸರ್ಕಾರಕ್ಕೆ ಹಳೆಯ ಹೆಸರೇ ಮರಳಿ ಬೇಕಿತ್ತು. ಆದರೆ ದಕ್ಷಿಣದ ದಂಡನಾಯಕರ ಹೆಸರು ಇರಬಾರದು ಅಂತ ಸಂಸತ್ತೇ ಕಾನೂನು ಮಾಡಿತ್ತಲ್ಲ, ಹಾಗಾಗಿ ಅದೇ ಸರ್‌ನೇಮ್ ಇರುವ ಬೇರೆ ಸೈನಿಕರನ್ನು ಹುಡುಕಿದರು. ಫಿಟ್ಸ್ ಲೀ ಸಿಕ್ಕಿದ್ದು ಹೀಗೆ. 2025ರ ಜೂನ್‌ನಲ್ಲಿ ಇದನ್ನು ಘೋಷಿಸುವಾಗ ಟ್ರಂಪ್ ಬಾಯಲ್ಲಿ ಬಂದದ್ದು 'ಫೋರ್ಟ್ ರಾಬರ್ಟ್ ಇ. ಲೀ' ಅಂತಲೇ. ಇನ್ನೇನು ಬೇಕು ಹೇಳಿ!

ಕಪ್ಪು ಯೋಧರನ್ನು ನೆನೆಯಲಿಕ್ಕೇ ಇದೆಲ್ಲ ಮಾಡಿದ್ದು ಅನ್ನೋರು ಲೂಯಿಸಿಯಾನಾ ಕಡೆ ನೋಡಲಿ. ದಕ್ಷಿಣದ ಇನ್ನೊಬ್ಬ ದಂಡನಾಯಕ ಪೋಕ್ ಹೆಸರಿದ್ದ ಅಲ್ಲಿಯ ಫೋರ್ಟ್ ಪೋಕ್‌ಗೆ 2023ರಲ್ಲಿ ಹೆನ್ರಿ ಜಾನ್ಸನ್ ಹೆಸರಿಟ್ಟಿದ್ದರು. 1918ರಲ್ಲಿ ಫ್ರಾನ್ಸಿನಲ್ಲಿ ರಾತ್ರಿ ಕಾವಲಿದ್ದಾಗ ಜರ್ಮನ್ನರು ಮುತ್ತಿದರೆ, ಮೈತುಂಬ ಗಾಯವಾದರೂ ಕೊನೆಗೆ ಚಾಕು ಹಿಡಿದು ಹೊಡೆದಾಡಿ ಜೊತೆಗಾರನನ್ನು ಉಳಿಸಿದ ಕಪ್ಪು ಸೈನಿಕ. ಫ್ರೆಂಚರು ಆಗಲೇ ಪದಕ ಕೊಟ್ಟರು, ಅಮೆರಿಕದ ಅತಿ ದೊಡ್ಡ ಶೌರ್ಯ ಪದಕ ಮೆಡಲ್ ಆಫ್ ಆನರ್ ಬಂದದ್ದು 2015ರಲ್ಲಿ. ಅವನ ಹೆಸರನ್ನೂ ತೆಗೆದು ಇನ್ನೊಬ್ಬ ಪೋಕ್‌ನನ್ನು ತಂದರು, ಇವನು ಬಿಳಿಯ.

ಫಿಟ್ಸ್ ಲೀ ಮೇಲೆ ನನಗೇನೂ ತಕರಾರಿಲ್ಲ. 1898ರಲ್ಲಿ ಕ್ಯೂಬಾದ ದಡದಲ್ಲಿ ಗುಂಡು ಹಾರುತ್ತಿದ್ದಾಗ ಗಾಯಾಳುಗಳನ್ನು ಎತ್ತಿ ತಂದ ನಾಲ್ವರಲ್ಲಿ ಒಬ್ಬ. ಮರುವರ್ಷ ಪದಕ ಬಂತು, ಕಣ್ಣು ಹೋಗಿ ಅದೇ ವರ್ಷ ಸತ್ತ. ಬೇರೆ ಯಾವುದಾದರೂ ನೆಲೆಗೆ ಅವನ ಹೆಸರಿಟ್ಟಿದ್ದರೆ ನಾನೇ ಮೊದಲು ಚಪ್ಪಾಳೆ ತಟ್ಟುತ್ತಿದ್ದೆ.