ಎಪಾಕ್ಸಿ ಮೆತ್ತಿದ ಬ್ರಷ್ಷು: ತೊಳೆಯುವ ಹೊತ್ತು, ತೊಳೆಯುವ ಬಗೆ

ಮೇಜು, ಗೆರಟೆಯ ಕರಕುಶಲ ವಸ್ತು, ದೋಣಿಯ ರಿಪೇರಿ ಎಂದು ಹಾರ್ಡನರ್ ಎಂಬ ಇನ್ನೊಂದು ದ್ರವದೊಂದಿಗೆ ಕಲಸಿದರೆ ಗಟ್ಟಿಯಾಗುವ ಎಪಾಕ್ಸಿ ರೆಸಿನ್ ಈಗ ಕಾಸರಗೋಡು ಜಿಲ್ಲೆಯ ಎಲ್ಲ ಕಡೆ ಬಳಕೆಯಲ್ಲಿದೆ. ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಅದರ ಬ್ರಷ್ಷಿನ ಬಗ್ಗೆಯೇ ಬಂದಿರುವುದರಿಂದ ಒಟ್ಟಿಗೆ ಉತ್ತರಿಸಿದ್ದೇವೆ.

ಹಲಸಿನ ಹಲಗೆಗೆ ಎಪಾಕ್ಸಿ ಬಳಿದು, ಬ್ರಷ್ಷನ್ನು ಹಾಗೇ ಇಟ್ಟು ಊಟಕ್ಕೆ ಹೋದೆ. ಸಂಜೆ ನೋಡಿದರೆ ಕೂದಲೆಲ್ಲ ಒಂದೇ ಕಡ್ಡಿಯಾಗಿತ್ತು. ಎರಡು ದಿನ ಥಿನ್ನರಿನಲ್ಲಿ ನೆನೆಹಾಕಿದರೂ ಬಿಡಲಿಲ್ಲ. ಉಳಿಸಲು ದಾರಿ ಇದೆಯೇ? (ಕುಂಬಳೆ)

ಆ ಬ್ರಷ್ಷಿನ ಆಸೆ ಬಿಡಿ. ಅರಗಿನ ಪಾಲಿಶ್ ಒಣಗುವುದು ಅದರೊಳಗಿನ ಸ್ಪಿರಿಟ್ ಆರಿ ಹೋಗುವುದರಿಂದ. ಪುನಃ ಸ್ಪಿರಿಟ್ಟಿನಲ್ಲಿ ಅದ್ದಿದರೆ ಕರಗುತ್ತದೆ. ಎಪಾಕ್ಸಿಯಲ್ಲಿ ಆರಿ ಹೋಗುವಂಥದ್ದು ಏನೂ ಇಲ್ಲ. ರೆಸಿನ್ ಮತ್ತು ಹಾರ್ಡನರ್ ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ. ಆ ಹೆಣಿಗೆ ಮುಗಿದ ಮೇಲೆ ಥಿನ್ನರಾಗಲಿ ಅಸಿಟೋನಾಗಲಿ ಅದನ್ನು ಬಿಡಿಸಲಾರದು, ಹೆಚ್ಚೆಂದರೆ ಸ್ವಲ್ಪ ಉಬ್ಬಿಸೀತು. ಬಿಸಿ ಗಾಳಿ ಊದುವ ಹಾಟ್ ಗನ್ನಿನ ಬಿಸಿಗೆ ಎಪಾಕ್ಸಿ ಮೆತ್ತಗಾಗುವುದು ನಿಜ. ಕಬ್ಬಿಣದ ಪಟ್ಟಿಗೆ ಅಂಟಿದ್ದನ್ನು ಹಾಗೆ ಬಿಸಿ ಮಾಡಿ, ಗಾಳಿಯಾಡುವ ಜಾಗದಲ್ಲಿ ಕೆರೆದು ತೆಗೆಯಬಹುದು. ಬ್ರಷ್ಷಿಗೆ ಅದು ಹೇಳಿದ್ದಲ್ಲ, ರೆಸಿನ್ ಬಿಡುವ ಮೊದಲೇ ಕೂದಲು ಸುಟ್ಟು ಹೋಗುತ್ತದೆ.

ಆದ್ದರಿಂದ ಯಾವುದರಲ್ಲಿ ತೊಳೆಯಬೇಕು ಎನ್ನುವುದಕ್ಕಿಂತ ಯಾವಾಗ ತೊಳೆಯಬೇಕು ಎನ್ನುವುದು ಮುಖ್ಯ. ಡಬ್ಬಿಯ ಮೇಲೆ ‘ಪಾಟ್ ಲೈಫ್ (ಕಲಸಿದ ಮೇಲೆ ಬಳಸಲು ಸಿಗುವ ಹೊತ್ತು) 30 ನಿಮಿಷ’ ಎಂದಿದ್ದರೆ ಅದು ಸಾಮಾನ್ಯವಾಗಿ 25 ಡಿಗ್ರಿ ಸೆಲ್ಸಿಯಸ್ಸಿನ ಲೆಕ್ಕ. ಉಷ್ಣತೆ 10 ಡಿಗ್ರಿ ಏರಿದರೆ ಆ ಅವಧಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನಮ್ಮ ಏಪ್ರಿಲ್ ಮಧ್ಯಾಹ್ನದಲ್ಲಿ ಶೀಟಿನ ಮಾಡಿನ ಕೆಳಗೆ ಕೆಲಸ ಮಾಡುವವರಿಗೆ ಹದಿನೈದು ನಿಮಿಷ ಸಿಕ್ಕಿದರೆ ಹೆಚ್ಚು. ರೆಸಿನ್ ಕಲಸಿದ ಕಪ್ ಅಂಗೈಗೆ ಬೆಚ್ಚಗೆ ತಾಗಿತೆಂದರೆ ಬಳಿಯುವುದನ್ನು ಅಲ್ಲಿಗೇ ನಿಲ್ಲಿಸಿ ಬ್ರಷ್ ತೊಳೆಯಲು ಹೊರಡಿ. ಕಪ್ಪಿನಲ್ಲಿ ರಾಶಿಯಾಗಿರುವ ರೆಸಿನ್ ತನ್ನ ಬಿಸಿಗೆ ತಾನೇ ಬೇಗ ಗಟ್ಟಿಯಾಗುತ್ತದೆ. ಕಲಸಿದ ಕೂಡಲೇ ಅಗಲದ ತಟ್ಟೆಗೆ ತೆಳ್ಳಗೆ ಸುರಿದುಕೊಂಡರೆ ಕೆಲಸಕ್ಕೂ ಬ್ರಷ್ಷಿಗೂ ಇನ್ನಷ್ಟು ಹೊತ್ತು ಸಿಗುತ್ತದೆ.

ಇನ್ನು ತೊಳೆಯುವ ಬಗೆ. ಮೊದಲು ಬ್ರಷ್ಷನ್ನು ಹಳೆಯ ಹಲಗೆಯ ಮೇಲೆ ಎಳೆದೆಳೆದು, ಆಮೇಲೆ ಹಳೆ ಬಟ್ಟೆಯಲ್ಲಿ ಹಿಂಡಿ, ಆದಷ್ಟು ರೆಸಿನ್ ತೆಗೆಯಿರಿ. ಇದನ್ನು ಸರಿಯಾಗಿ ಮಾಡಿದವರಿಗೆ ಅರ್ಧ ಅಸಿಟೋನ್ ಉಳಿಯುತ್ತದೆ. ಒಂದು ಇಂಚಿನ ಬ್ರಷ್ಷಿಗೆ ಮೂರು ಗಾಜಿನ ಬಾಟಲಿಗಳಲ್ಲಿ ತಲಾ 50 ಮಿ.ಲೀ. ಅಸಿಟೋನ್ ಸಾಕು. ಮೊದಲನೆಯದರಲ್ಲಿ ಅರ್ಧ ನಿಮಿಷ ಆಡಿಸಿ ಹಿಂಡಿ, ಎರಡನೆಯದರಲ್ಲೂ ಹಾಗೆಯೇ ಮಾಡಿ, ಮೂರನೆಯ ಶುದ್ಧ ಅಸಿಟೋನಿನಲ್ಲಿ ಮುಗಿಸಿ. ಮುಂದಿನ ಸಲ ಮೊದಲ ಬಾಟಲಿಯನ್ನು ಬದಿಗಿಟ್ಟು ಎರಡನೆಯದನ್ನು ಮೊದಲಿಗೆ, ಮೂರನೆಯದನ್ನು ಎರಡನೆಯದಕ್ಕೆ ಬಳಸಿ, ಹೊಸ ಅಸಿಟೋನನ್ನು ಕೊನೆಗೆ ಇಟ್ಟುಕೊಳ್ಳಿ.

ಕೂದಲಿನ ತುದಿ ಚೊಕ್ಕಟವಾಗಿ ಕಂಡಿತೆಂದು ಮೋಸ ಹೋಗಬೇಡಿ. ಕೂದಲು ತಗಡಿನ ಪಟ್ಟಿಯೊಳಗೆ ಹೋಗುವ ಬುಡದಲ್ಲಿ ರೆಸಿನ್ ಅಡಗಿ ಕೂತಿರುತ್ತದೆ. ಗ್ಲೌಸ್ ಹಾಕಿದ ಹೆಬ್ಬೆರಳಿನಿಂದ ಬುಡವನ್ನು ಅಗಲಿಸಿ ನೋಡಿ. ಕೂದಲುಗಳ ನಡುವೆ ಜೇನಿನಂತೆ ಹೊಳೆಯುವ ಎಳೆ ಕಂಡರೆ ಇನ್ನೊಂದು ಸುತ್ತು ಬೇಕು. ಅಷ್ಟಾದ ಮೇಲೆ ಉಗುರುಬೆಚ್ಚಗಿನ ನೀರು ಮತ್ತು ಪಾತ್ರೆ ತೊಳೆಯುವ ಸಾಬೂನಿನಲ್ಲಿ ತೊಳೆದು, ಕೊಡವಿ, ಕೂದಲು ಕೆಳಗಾಗಿ ತೂಗುಹಾಕಿ. ಮಳೆಗಾಲದಲ್ಲಿ ಪೂರ್ತಿ ಒಣಗಲು ಎರಡು ದಿನ ಬೇಕಾದರೂ ಕಾಯಿರಿ. ಕೂದಲಿನಲ್ಲಿ ನೀರಿನ ಪಸೆ ಉಳಿದರೆ ಮುಂದಿನ ಕೋಟು ಮಬ್ಬಾಗುತ್ತದೆ, ಅಸಿಟೋನ್ ಉಳಿದರೆ ಅಲ್ಲಲ್ಲಿ ಗಟ್ಟಿಯಾಗದೆ ಅಂಟಂಟಾಗಿ ನಿಲ್ಲುತ್ತದೆ.

ದೋಣಿಯ ಫೈಬರ್ ಕೆಲಸದವರು ಎಲ್ಲದಕ್ಕೂ ಅಸಿಟೋನನ್ನೇ ಬಳಸುತ್ತಾರೆ. ಎಪಾಕ್ಸಿಗೆ ವಿನೆಗರ್ ಸಾಕು ಎಂದೂ ಕೇಳಿದ್ದೇನೆ. ಯಾವುದು ಸರಿ? (ಮಂಜೇಶ್ವರ)

ಎರಡೂ ಸರಿ, ಆದರೆ ರೆಸಿನ್ ಬೇರೆ ಬೇರೆ. ದೋಣಿಯ ಫೈಬರ್ ಕೆಲಸದಲ್ಲಿ ಹೆಚ್ಚಾಗಿ ಇರುವುದು ಪಾಲಿಯೆಸ್ಟರ್ ರೆಸಿನ್. ಅದಕ್ಕೆ ಶೇಕಡಾ 1ರಿಂದ 2ರಷ್ಟು ಮಾತ್ರ ಕ್ಯಾಟಲಿಸ್ಟ್ (ಗಟ್ಟಿಯಾಗಿಸುವ ದ್ರವ) ಸೇರಿಸುತ್ತಾರೆ. ಅದನ್ನು ತೊಳೆಯಲು ಅಸಿಟೋನೇ ಬೇಕು, ವಿನೆಗರಿನಿಂದ ಏನೂ ಆಗದು. ಎಪಾಕ್ಸಿಯ ಹಾರ್ಡನರ್ ಅಮೈನ್ ಜಾತಿಯದು, ಅಂದರೆ ಕ್ಷಾರ. ಅಂಗಡಿಯ ಬಿಳಿ ವಿನೆಗರಿನಲ್ಲಿ ಶೇಕಡಾ 4-5ರಷ್ಟು ಅಸಿಟಿಕ್ ಆಮ್ಲ ಇರುತ್ತದೆ. ಹಸಿ ಎಪಾಕ್ಸಿಗೆ ಅದು ತಾಗಿದಾಗ ಹಾರ್ಡನರಿನ ಜೋರು ಕುಗ್ಗಿ ಅಂಟು ಸಡಿಲವಾಗುತ್ತದೆ. ಕಲಸುವ ಕಡ್ಡಿ, ಪ್ಲಾಸ್ಟಿಕ್ ಪಟ್ಟಿ, ಕತ್ತರಿ ಒರೆಸಲು ವಿನೆಗರ್ ಒಳ್ಳೆಯದು, ಬೆಂಕಿಯ ಭಯವೂ ಇಲ್ಲ. ಬ್ರಷ್ಷಿನ ಬುಡದವರೆಗೆ ಇಳಿದು ತೊಳೆಯುವುದರಲ್ಲಿ ಮಾತ್ರ ಅಸಿಟೋನಿನದೇ ಮೇಲುಗೈ. ವಿನೆಗರ್ ಬಳಸಿದ ಮೇಲೆ ನೀರಿನಲ್ಲಿ ತೊಳೆಯಲು ಮರೆತರೆ ತಗಡಿನ ಪಟ್ಟಿ ತುಕ್ಕು ಹಿಡಿಯುತ್ತದೆ.

ಎರಡೂ ರೆಸಿನ್ ಬಳಸುವ ಶೆಡ್ಡಿನಲ್ಲಿ ಬ್ರಷ್ಷುಗಳನ್ನು ಬೇರೆ ಬೇರೆ ಇಡಿ, ಹಿಡಿಗೆ ಬಣ್ಣ ಹಚ್ಚಿ ಗುರುತು ಮಾಡಿ. ಬ್ರಷ್ಷಿನಲ್ಲಿ ಉಳಿದ ಅಮೈನ್ ಪಾಲಿಯೆಸ್ಟರಿಗೆ ತಾಗಿದರೆ ಅದು ಸರಿಯಾಗಿ ಗಟ್ಟಿಯಾಗುವುದಿಲ್ಲ. ಇನ್ನೊಂದು ಮಾತು, ಇದರಲ್ಲಿ ಉದಾಸೀನ ಬೇಡವೇ ಬೇಡ: ರೆಸಿನ್ನಿಗೆ ಇನ್ನೂ ಸೇರಿಸದ ಪಾಲಿಯೆಸ್ಟರಿನ ಕ್ಯಾಟಲಿಸ್ಟಿಗೆ ಅಸಿಟೋನ್ ಬೆರೆಯಬಾರದು, ಸ್ಫೋಟದ ಅಪಾಯವಿದೆ. ಒಂದೇ ಬಾಟಲಿಯನ್ನು ಕ್ಯಾಟಲಿಸ್ಟಿಗೂ ಅಸಿಟೋನಿಗೂ ಬಳಸಬೇಡಿ.

ಸೀಮೆಎಣ್ಣೆ ಅಥವಾ ಟರ್ಪೆಂಟೈನ್ ಆಗದೇ? (ಉಪ್ಪಳ)

ಆಗದು. ಅವು ಆಯಿಲ್ ಪೇಂಟಿಗೆ ಸರಿ, ಎಪಾಕ್ಸಿಯನ್ನು ಸರಿಯಾಗಿ ಕರಗಿಸುವುದಿಲ್ಲ, ಮೇಲಾಗಿ ಎಣ್ಣೆಯ ಪಸೆ ಬಿಡುತ್ತವೆ. ಪೆಟ್ರೋಲಿನ ಯೋಚನೆಯೇ ಬೇಡ. ಅಸಿಟೋನ್ ಸಿಗದಿದ್ದರೆ ಐಸೋಪ್ರೊಪೈಲ್ ಆಲ್ಕೋಹಾಲ್ ನಡೆಯುತ್ತದೆ, ಒಂದು ಸುತ್ತು ಹೆಚ್ಚು ತೊಳೆಯಬೇಕಾದೀತು.

ಗೆರಟೆಯ ಬಟ್ಟಲುಗಳಿಗೆ ಎಪಾಕ್ಸಿ ಬಳಿಯುತ್ತೇವೆ. ಬ್ರಷ್ಷನ್ನು ತೆಂಗಿನೆಣ್ಣೆ ಹಾಕಿ ಉಜ್ಜಿ ಸಾಬೂನಿನಲ್ಲಿ ತೊಳೆಯುವುದು ನಮ್ಮ ಕ್ರಮ. ಬ್ರಷ್ ಮೆತ್ತಗೇ ಇರುತ್ತದೆ, ಆದರೆ ಮುಂದಿನ ಕೋಟಿನಲ್ಲಿ ಮೀನಿನ ಕಣ್ಣಿನಂಥ ಗುಳಿಗಳು ಬೀಳುತ್ತವೆ. ಬ್ರಷ್ಷಿನ ಕೂದಲೂ ಉದುರಿ ಕೋಟಿಗೆ ಅಂಟಿಕೊಳ್ಳುತ್ತದೆ. (ಬದಿಯಡ್ಕ)

ಗುಳಿಗೆ ಕಾರಣ ಆ ತೆಂಗಿನೆಣ್ಣೆಯೇ. ಎಣ್ಣೆ ಹಸಿ ಎಪಾಕ್ಸಿಯನ್ನು ಸಡಿಲಿಸುವುದು ನಿಜ, ಆದರೆ ಕೂದಲಿನ ಬುಡದಿಂದ ಪೂರ್ತಿ ಹೋಗುವುದಿಲ್ಲ. ಎಣ್ಣೆಯ ಒಂದು ಚುಕ್ಕೆ ಬಿದ್ದಲ್ಲಿ ರೆಸಿನ್ ನಿಲ್ಲದೆ ಸುತ್ತಲೂ ಸರಿಯುತ್ತದೆ, ನಡುವೆ ಗುಳಿ ಉಳಿಯುತ್ತದೆ. ಎಣ್ಣೆ ಕಂಡ ಬ್ರಷ್ಷನ್ನು ಬೇರೆ ಕೆಲಸಕ್ಕೆ ಇಟ್ಟು, ಎಪಾಕ್ಸಿಗೆ ಹೊಸದು ತನ್ನಿ. ಗೆರಟೆಯ ಒಳಮೈಯಲ್ಲೂ ಕೊಬ್ಬರಿಯ ಎಣ್ಣೆ ಇರುತ್ತದೆ. ಚೆನ್ನಾಗಿ ತಿಕ್ಕಿ, ಅಸಿಟೋನಿನಲ್ಲಿ ಒರೆಸಿ, ಒಣಗಿಸಿದ ಮೇಲೆಯೇ ಬಳಿಯಿರಿ.

ಕೂದಲು ಉದುರುವುದಕ್ಕೆ ಮದ್ದು ಎಪಾಕ್ಸಿ ಬಳಿಯುವ ಮೊದಲೇ ಇದೆ. ಹೊಸ ಬ್ರಷ್ಷನ್ನು ಅಂಗೈಗೆ ಬಡಿದು, ಬಾಚಣಿಗೆಯಲ್ಲಿ ಬಾಚಿ, ಮಾಸ್ಕಿಂಗ್ ಟೇಪನ್ನು ಕೂದಲಿಗೆ ಅಂಟಿಸಿ ಎರಡು ಮೂರು ಸಲ ಕಿತ್ತು ತೆಗೆಯಿರಿ. ಸಡಿಲ ಕೂದಲೆಲ್ಲ ಟೇಪಿಗೆ ಬರುತ್ತದೆ. ಫೋಮ್ ಬ್ರಷ್ಷು ಅಸಿಟೋನಿನಲ್ಲಿ ಹಾಳಾಗಬಹುದು, ಪ್ಲಾಸ್ಟಿಕ್ ಹಿಡಿಯೂ ಮೆತ್ತಗಾಗಬಹುದು. ಮರದ ಹಿಡಿಯ ಬ್ರಷ್ಷೇ ವಾಸಿ. ಬಟ್ಟಲಿನಂಥ ಸಣ್ಣ ಕೆಲಸಕ್ಕೆ ಸಿಲಿಕೋನ್ ಬ್ರಷ್ ಇನ್ನೂ ಅನುಕೂಲ. ಸಿಲಿಕೋನಿಗೆ ಎಪಾಕ್ಸಿ ಹಿಡಿಯುವುದಿಲ್ಲ. ಮರುದಿನ ಗಟ್ಟಿಯಾದ ಮೇಲೆ ಬಗ್ಗಿಸಿದರೆ ಸಿಪ್ಪೆಯಂತೆ ಕಳಚಿ ಬರುತ್ತದೆ, ದ್ರಾವಕವೇ ಬೇಡ.

ಎರಡು ಕೋಟುಗಳ ನಡುವೆ ಬ್ರಷ್ಷನ್ನು ಫ್ರೀಜರಿನಲ್ಲಿ ಇಡಬಹುದೇ? (ನೀರ್ಚಾಲು)

ಪಾಲಿಥೀನಿನಲ್ಲಿ ಗಾಳಿಯಾಡದಂತೆ ಸುತ್ತಿ ಇಟ್ಟರೆ ಗಟ್ಟಿಯಾಗುವುದು ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಕೆಲವು ಗಂಟೆಗಳ ಮಟ್ಟಿಗೆ ಸರಿ. ಆದರೆ ಮೀನು, ಐಸ್‌ಕ್ರೀಮ್ ಇರುವ ಮನೆಯ ಫ್ರೀಜರಿನಲ್ಲಿ ಬೇಡ.

ತೊಳೆದ ಕೊಳಕು ಅಸಿಟೋನನ್ನು ತೋಟಕ್ಕೆ ಚೆಲ್ಲುತ್ತಿದ್ದೇವೆ. ತೊಂದರೆ ಇದೆಯೇ? (ಪೆರ್ಲ)

ಇದೆ, ಇವತ್ತಿಗೇ ನಿಲ್ಲಿಸಿ. ನಮ್ಮ ಮುರಕಲ್ಲಿನ ನೆಲದಲ್ಲಿ ಸಣ್ಣ ಸಣ್ಣ ತೂತುಗಳು. ಮೇಲೆ ಸುರಿದದ್ದು ಒಳಗೆ ಇಳಿಯುತ್ತದೆ. ಬಾವಿಯ ನೀರೂ, ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದ ನೀರೂ ಬರುವುದು ಅದೇ ಕಲ್ಲಿನೊಳಗಿಂದ. ಬಾಟಲಿಗೆ ಬಿಗಿ ಮುಚ್ಚಳ ಹಾಕಿ ನೆರಳಿನಲ್ಲಿ ಇಟ್ಟರೆ ರೆಸಿನ್ ಅಡಿಯಲ್ಲಿ ಲೋಳೆಯಾಗಿ ಕೂರುತ್ತದೆ. ಮೇಲಿನ ತಿಳಿಯನ್ನು ಮೊದಲ ಸುತ್ತಿನ ತೊಳೆತಕ್ಕೆ ಪುನಃ ಬಳಸಬಹುದು. ಅಡಿಯ ಲೋಳೆಯನ್ನು ಹಳೆಯ ತಗಡಿನ ಡಬ್ಬಿಯಲ್ಲಿ, ಮಕ್ಕಳಿಗೂ ದನಕ್ಕೂ ಸಿಗದ ಬಯಲಿನಲ್ಲಿ ಆರಲು ಬಿಡಿ. ಕಪ್ಪಿನಲ್ಲಿ ಮಿಕ್ಕ ರೆಸಿನ್ ಕಲಸಿದ್ದೇ ಆದರೆ ತಾನಾಗಿ ಗಟ್ಟಿಯಾಗುತ್ತದೆ. ಗಟ್ಟಿಯಾದದ್ದನ್ನು ಬೇರೆ ಚೀಲದಲ್ಲಿ ಕಟ್ಟಿ, ಮನೆಮನೆಯಿಂದ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯವರು ಬಂದಾಗ ಏನೆಂದು ತಿಳಿಸಿ, ಅವರು ಹೇಳಿದಂತೆ ಮಾಡಿ. ಸುಡಬೇಡಿ.

ಅಸಿಟೋನ್ 56 ಡಿಗ್ರಿಯಲ್ಲೇ ಕುದಿಯುತ್ತದೆ, ಶೂನ್ಯಕ್ಕಿಂತ ಕೆಳಗಿನ ಚಳಿಯಲ್ಲೂ ಅದರ ಆವಿಗೆ ಬೆಂಕಿ ಹತ್ತುತ್ತದೆ. ಗಾಳಿಗಿಂತ ಭಾರವಾದ ಆ ಆವಿ ನೆಲದಲ್ಲೇ ಹರಿದು ಬಚ್ಚಲೊಲೆಯವರೆಗೂ ಹೋದೀತು. ತೊಳೆಯುವ ಕೆಲಸ ಅಂಗಳದಲ್ಲೇ ಆಗಲಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಒಳಗೆ ಎಸೆಯದೆ ಹರಡಿ ಒಣಗಿಸಿ.

ಕೈಗೆ ಅಂಟಿದ್ದನ್ನು ಅಸಿಟೋನಿನಲ್ಲಿ ಒರೆಸುತ್ತೇನೆ. ಈಗ ಬೆರಳ ಸಂದಿಯಲ್ಲಿ ತುರಿಕೆ. (ಕಾಸರಗೋಡು)

ಅಸಿಟೋನ್ ಚರ್ಮದ ಜಿಡ್ಡನ್ನು ತೆಗೆದುಬಿಡುತ್ತದೆ, ರೆಸಿನ್ ಒಳಗಿಳಿಯಲು ದಾರಿ ಸುಲಭವಾಗುತ್ತದೆ. ತೆಂಗಿನೆಣ್ಣೆಯ ಜಾಗ ಇದು: ಎಣ್ಣೆ ಹಚ್ಚಿ, ಬಟ್ಟೆಯಲ್ಲಿ ಒರೆಸಿ, ಸಾಬೂನಿನಲ್ಲಿ ತೊಳೆಯಿರಿ. ಬಳಿಯುವಾಗ ನೈಟ್ರೈಲ್ ಗ್ಲೌಸ್ ಹಾಕಿ. ಅಸಿಟೋನ್ ನೈಟ್ರೈಲನ್ನು ಕೆಲವೇ ನಿಮಿಷಗಳಲ್ಲಿ ದಾಟುತ್ತದೆ, ಒದ್ದೆಯಾದ ಗ್ಲೌಸನ್ನು ಕೂಡಲೇ ಬದಲಿಸಿ. ಬ್ರಷ್ ತೊಳೆಯಲು ಬ್ಯೂಟೈಲ್ ಗ್ಲೌಸ್ ಸಿಕ್ಕಿದರೆ ಇನ್ನೂ ಒಳ್ಳೆಯದು. ಎಪಾಕ್ಸಿಯ ಅಲರ್ಜಿ ಒಮ್ಮೆ ಹತ್ತಿದರೆ ಸಾಮಾನ್ಯವಾಗಿ ಬಿಟ್ಟು ಹೋಗುವುದಿಲ್ಲ. ತುರಿಕೆ ಶುರುವಾಗಿದೆ ಎಂದಿದ್ದೀರಿ. ಈಗ ಕೆಲಸ ನಿಲ್ಲಿಸಿ ಚರ್ಮದ ಡಾಕ್ಟರಿಗೆ ತೋರಿಸಿ, ಹೋಗುವಾಗ ಹಾರ್ಡನರಿನ ಡಬ್ಬಿಯ ಲೇಬಲ್ಲಿನ ಫೋಟೋ ತೆಗೆದುಕೊಂಡು ಹೋಗಿ.