ನಾಸಾದ ಕೆಪ್ಲರ್ ದೂರದರ್ಶಕ ಬೇರೆ ನಕ್ಷತ್ರಗಳ ಸುತ್ತಲಿನ ಗ್ರಹಗಳನ್ನು ಕಣ್ಣಾರೆ ನೋಡದೆಯೇ ಪತ್ತೆಹಚ್ಚಿದ್ದು ಹೇಗೆ?

ನಕ್ಷತ್ರದ ಬೆಳಕನ್ನು ಅಳೆದು. ಗ್ರಹವೊಂದು ತನ್ನ ನಕ್ಷತ್ರದ ಮುಂದೆ ಹಾದುಹೋದಾಗ ಬೆಳಕು ಚೂರು ತಗ್ಗುತ್ತದೆ. ಎಷ್ಟು ತಗ್ಗಿತು ಎಂಬುದರಿಂದ ಗ್ರಹದ ಗಾತ್ರ, ಎಷ್ಟು ದಿನಕ್ಕೊಮ್ಮೆ ಎಂಬುದರಿಂದ ಅದರ ವರ್ಷದ ಅವಧಿ ಗೊತ್ತಾಗುತ್ತದೆ. ಸೂರ್ಯನಂಥ ನಕ್ಷತ್ರದ ಬೆಳಕನ್ನು ಗುರುವಿನಷ್ಟು ದೊಡ್ಡ ಗ್ರಹ ಸುಮಾರು ಶೇ. 1ರಷ್ಟು ಮರೆಮಾಡಿದರೆ, ಭೂಮಿಯಷ್ಟಿರುವುದು ಬರೀ ಶೇ. 0.0084! ನೆಲದಿಂದ ನೋಡಿದರೆ ವಾತಾವರಣದ ಮಿನುಗಾಟದಲ್ಲೇ ಇದು ಮುಚ್ಚಿಹೋಗುತ್ತದೆ. ಅದಕ್ಕೇ 2009ರಲ್ಲಿ ಬಾಹ್ಯಾಕಾಶಕ್ಕೆ ಹೋದ ಕೆಪ್ಲರ್, ಹಂಸ ನಕ್ಷತ್ರಪುಂಜದ ಕಡೆಯ ಒಂದೇ ತುಂಡು ಆಕಾಶದಲ್ಲಿ ಸುಮಾರು 1.5 ಲಕ್ಷ ನಕ್ಷತ್ರಗಳ ಬೆಳಕನ್ನು ಅರ್ಧ ಗಂಟೆಗೊಮ್ಮೆ ದಾಖಲಿಸಿತು.

ಒಮ್ಮೆ ತಗ್ಗಿದರೆ ಸಾಲದು. ಸಮಾನ ಅಂತರದಲ್ಲಿ ಮೂರು ಸಲವಾದರೂ ಕಾಣಬೇಕು. ಆಗಲೂ ನಂಬುವಂತಿಲ್ಲ: ಹಿನ್ನೆಲೆಯಲ್ಲಿರುವ ಜೋಡಿ ನಕ್ಷತ್ರಗಳು ಒಂದನ್ನೊಂದು ಮರೆಮಾಡಿದರೂ ಇದೇ ಗುರುತು ಬರುತ್ತದೆ. 2013ರಲ್ಲಿ ಕೆಪ್ಲರ್ ಅನ್ನು ಗುರಿಯತ್ತ ಅಲುಗದಂತೆ ಹಿಡಿದಿಡುವ ನಾಲ್ಕು ಚಕ್ರಗಳಲ್ಲಿ ಎರಡನೆಯದೂ ಕೆಟ್ಟಾಗ, ಸೂರ್ಯನ ಬೆಳಕಿನ ಒತ್ತಡವನ್ನೇ ಆಸರೆಯಾಗಿಸಿಕೊಂಡು 2018ರವರೆಗೆ ದುಡಿಸಿದರು. ಎಂಥ ಅದ್ಭುತ ಎಂಜಿನಿಯರಿಂಗ್!