ಒಂದು ಮನೆ ಬಿಡುವಾಗ ಎಷ್ಟು ಮನೆಗಳನ್ನು ಬಿಡುತ್ತೇವೆ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಹನ್ನೊಂದು ವರ್ಷ ಬಾಳಿದ ಬಾಡಿಗೆ ಮನೆಯನ್ನು ಮುಂದಿನ ತಿಂಗಳು ಖಾಲಿ ಮಾಡಿ ಸ್ವಂತ ಮನೆಗೆ ಹೋಗುತ್ತಿದ್ದೀರಿ. ಹೊಸ ಮನೆ ದೊಡ್ಡದು, ಗಾಳಿ ಬೆಳಕು ಚೆನ್ನಾಗಿದೆ. ಆದರೂ ಒಂಬತ್ತು ವರ್ಷದ ಮಗಳು ರಾತ್ರಿ ಅಳುತ್ತಾಳೆ, ಅತ್ತೆ ಮಾತು ಕಡಿಮೆ ಮಾಡಿದ್ದಾರೆ, ನೀವೂ ನಿಮ್ಮ ಪತಿಯೂ ದಿನಕ್ಕೊಮ್ಮೆಯಾದರೂ ಜಗಳವಾಡುತ್ತೀರಿ. ‘ಸಂತೋಷಪಡಬೇಕಾದ ಹೊತ್ತಿನಲ್ಲಿ ಹೀಗೇಕೆ? ನಾವು ತಪ್ಪು ನಿರ್ಧಾರ ಮಾಡಿದೆವೇ?’ ಎಂದು ಕೇಳಿದ್ದೀರಿ. ನಡುವೆ ಎಲ್ಲೋ ಒಂದು ಸಾಲಿನಲ್ಲಿ, ಮಾವ ತೀರಿಕೊಂಡದ್ದು ಈ ಮನೆಯಲ್ಲೇ ಎಂದೂ ಬರೆದಿದ್ದೀರಿ. ನನಗೆ ಇಡೀ ಪ್ರಶ್ನೆಯಲ್ಲಿ ಮುಖ್ಯವಾಗಿ ಕಂಡದ್ದು ಆ ಸಾಲು. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ನಿರ್ಧಾರ ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಸರಿಯಾದ ನಿರ್ಧಾರಕ್ಕೂ ಕಣ್ಣೀರು ಬರುತ್ತದೆ. ನಾನು ಕುಟುಂಬ ಸಮೇತ ನಾಲ್ಕು ಸಲ ಮನೆ ಬದಲಾಯಿಸಿದ್ದೇನೆ. ಮೊದಲ ಎರಡು ಸಲ ಲಾರಿ, ರಟ್ಟಿನ ಪೆಟ್ಟಿಗೆ, ಹಗ್ಗಗಳ ಲೆಕ್ಕದಲ್ಲೇ ಮುಳುಗಿದ್ದೆ. ಮನೆಯವರ ಮುಖ ನೋಡಿದ್ದು ಕಡಿಮೆ. ಮೂರನೆಯ ಸಲ ಒಂದು ವಿಷಯ ಅರ್ಥವಾಯಿತು. ಲಾರಿ ಒಂದೇ ಮನೆಯ ಸಾಮಾನು ಹೊತ್ತು ಹೊರಡುತ್ತದೆ, ಆದರೆ ಒಳಗಿದ್ದವರು ಬಿಟ್ಟುಹೋಗುವುದು ಬೇರೆ ಬೇರೆ ಮನೆಗಳನ್ನು. ನಿಮ್ಮ ಮಗಳಿಗೆ ಅದು ಹುಟ್ಟಿದಂದಿನಿಂದ ಕಂಡ ಒಂದೇ ಒಂದು ಮನೆ. ಅತ್ತೆಗೆ ಅದು ಗಂಡನೊಂದಿಗೆ ಕೊನೆಯ ವರ್ಷಗಳನ್ನು ಕಳೆದ ಮನೆ. ನಿಮ್ಮ ಪತಿಗೆ ಅದು ಬಹುಶಃ ಪ್ರತಿ ತಿಂಗಳ ಬಾಡಿಗೆಯ ಚಿಂತೆ, ಬಿಟ್ಟರೆ ಹಗುರ. ಹೀಗಿರುವಾಗ ಎಲ್ಲರಿಗೂ ಒಂದೇ ಸಮಾಧಾನದ ಮಾತು ಹೇಳಿದರೆ ಅದು ಯಾರಿಗೂ ತಾಕುವುದಿಲ್ಲ.

ಇದು ಬರೀ ಭಾವುಕತೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಮೆರಿಕದ ಬಾಸ್ಟನ್ ನಗರದ ವೆಸ್ಟ್ ಎಂಡ್ ಎಂಬ ಬಡಾವಣೆಯನ್ನು 1950ರ ದಶಕದ ಕೊನೆಯಲ್ಲಿ ನಗರ ನವೀಕರಣದ ಹೆಸರಿನಲ್ಲಿ ಕೆಡವಿದರು. ಅಲ್ಲಿಂದ ಎದ್ದುಹೋದವರನ್ನು ಅಧ್ಯಯನ ಮಾಡಿದ ಮಾರ್ಕ್ ಫ್ರೀಡ್ 1963ರಲ್ಲಿ ಪ್ರಕಟಿಸಿದ ಬರಹದಲ್ಲಿ ಅವರ ಸ್ಥಿತಿಗೆ ಕೊಟ್ಟ ಹೆಸರು ಶೋಕ. ಆಪ್ತರನ್ನು ಕಳೆದುಕೊಂಡವರಿಗೆ ಬಳಸುವ ಅದೇ ಪದ. ಅವರು ಬಲವಂತದಿಂದ ಎದ್ದವರು, ನೀವು ಇಷ್ಟಪಟ್ಟು ಹೊರಟವರು, ವ್ಯತ್ಯಾಸ ದೊಡ್ಡದೇ. ಆದರೆ ನಿಮ್ಮ ಮಗಳನ್ನಾಗಲಿ ಅತ್ತೆಯನ್ನಾಗಲಿ ಈ ಬಗ್ಗೆ ಯಾರೂ ಕೇಳಿರಲಿಲ್ಲವಾದರೆ, ಅವರ ಪಾಲಿಗೆ ಆ ವ್ಯತ್ಯಾಸ ಅಷ್ಟು ದೊಡ್ಡದಲ್ಲ.

ಇನ್ನೊಂದು ಲೆಕ್ಕ ನನಗೆ ಬಹಳ ಸಹಾಯ ಮಾಡಿತು. ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ಇಬ್ಬರು ವೈದ್ಯರು 1967ರಲ್ಲಿ ಬದುಕಿನ 43 ಬದಲಾವಣೆಗಳಿಗೆ ಒತ್ತಡದ ಅಂಕಗಳನ್ನು ಕೊಟ್ಟು ಒಂದು ಪಟ್ಟಿ ಮಾಡಿದರು. ಬಾಳಸಂಗಾತಿಯ ಸಾವಿಗೆ 100. ಮನೆ ಬದಲಾವಣೆಗೆ ಕೇವಲ 20. ಮೊದಲ ಸಲ ನೋಡಿದಾಗ ‘ಇಷ್ಟೇನಾ?’ ಅನ್ನಿಸಿತ್ತು. ಆಮೇಲೆ ಪಟ್ಟಿಯನ್ನು ಪೂರ್ತಿ ಓದಿದೆ. ಶಾಲೆ ಬದಲಾದರೆ 20, ವಾಸದ ಪರಿಸ್ಥಿತಿ ಬದಲಾದರೆ 25, ಒಡನಾಟ ಬದಲಾದರೆ 18, ನಿದ್ರೆಯ ಅಭ್ಯಾಸ ಬದಲಾದರೆ 16. ಮನೆ ಬದಲಾಯಿಸಿದವರಿಗೆ ಇವೆಲ್ಲ ಒಟ್ಟಿಗೇ ಬರುತ್ತವೆ. ಕೂಡಿಸಿ ನೋಡಿ, 99. ಆ ಅಂಕಗಳು ಒಬ್ಬೊಬ್ಬರಿಗೂ ಹಾಗೇ ಹೊಂದುತ್ತವೆ ಎನ್ನುವುದಿಲ್ಲ. ಆದರೆ ಒಂದೊಂದಾಗಿ ಬಂದಿದ್ದರೆ ತಡೆದುಕೊಳ್ಳಬಹುದಾದ ಸಣ್ಣ ಸಣ್ಣ ಬದಲಾವಣೆಗಳು ಒಂದೇ ವಾರದಲ್ಲಿ ಬಂದು ಬೀಳುವುದೇ ನಿಮ್ಮ ಮನೆಯ ಈಗಿನ ಕಷ್ಟ. ಹಾಗಾಗಿ ಮುಂದೂಡಬಹುದಾದದ್ದನ್ನೆಲ್ಲ ಮುಂದೂಡಿ. ಹೊಸ ಮನೆಗೆ ಹೋದ ತಿಂಗಳಲ್ಲೇ ಹೊಸ ದಿನಚರಿ, ಹೊಸ ತರಗತಿ, ಹೊಸ ಶಿಸ್ತು ಎಂದು ಹೊರಡಬೇಡಿ. ಮಗಳು ಮಲಗುವ ಹೊತ್ತು, ಅತ್ತೆ ವಾಕಿಂಗ್ ಹೋಗುವ ಹೊತ್ತು ಮೊದಲಿದ್ದ ಹಾಗೇ ಇರಲಿ.

ಈಗ ಮಗಳ ಮಾತು. ಅವಳು ಅತ್ತಾಗ ‘ಅಲ್ಲಿ ನಿನಗೇ ಒಂದು ಕೋಣೆ ಇದೆಯಲ್ಲ’ ಎಂದು ಹೇಳುತ್ತಿದ್ದೀರಿ ಎಂದು ಬರೆದಿದ್ದೀರಿ. ನಾನೂ ನನ್ನ ಮಗನಿಗೆ ಇದನ್ನೇ ಹೇಳುತ್ತಿದ್ದೆ. ಆಗ ಅವನಿಗೆ ಎಂಟು ವರ್ಷ. ಒಂದು ದಿನ ಅವನು ಅಳುವುದನ್ನು ನಿಲ್ಲಿಸಿದ. ಸಮಾಧಾನವಾಯಿತೆಂದು ನಾನು ತಿಳಿದೆ. ನಿಜವಾಗಿ ಅವನು ನನ್ನ ಎದುರು ಅಳುವುದನ್ನು ಮಾತ್ರ ನಿಲ್ಲಿಸಿದ್ದ. ಅದೇ ವಾರ, ಚಕ್ರ ಕಳಚಿದ ಅವನ ಆಟಿಕೆ ಲಾರಿಯನ್ನು ‘ಇದು ಹೇಗೂ ಮುರಿದಿದೆ’ ಎಂದು ಅವನಿಗೆ ಹೇಳದೆ ಕಸಕ್ಕೆ ಹಾಕಿದೆ. ಹೊಸ ಮನೆಯಲ್ಲಿ ಅವನು ಒಂದೊಂದೇ ಪೆಟ್ಟಿಗೆ ಬಿಚ್ಚಿ ಅದನ್ನು ಹುಡುಕಿದ. ಇಂದಿಗೂ ನನಗೆ ಅದು ಚುಚ್ಚುತ್ತದೆ. ಸಾಮಾನು ಕಡಿಮೆ ಮಾಡುವ ಭರದಲ್ಲಿ ಮಗುವಿನ ವಸ್ತುವನ್ನು ಕದ್ದು ಎಸೆಯಬೇಡಿ. ಎಲ್ಲವೂ ಕೈತಪ್ಪಿ ಹೋಗುತ್ತಿರುವಾಗ ತನ್ನದೊಂದಾದರೂ ತನ್ನ ಜೊತೆ ಬರುತ್ತದೆ ಎಂಬ ಭರವಸೆ ಮಗುವಿಗೆ ಬೇಕು.

ಮುಂದಿನ ಸಲ ಮನೆ ಬದಲಾಯಿಸುವಾಗ ನನ್ನ ಮಗಳ ವಿಷಯದಲ್ಲಿ ಬೇರೆ ದಾರಿ ಹಿಡಿದೆ. ‘ಈ ಮನೆಯಲ್ಲಿ ನಿನಗೆ ತುಂಬಾ ಇಷ್ಟವಾದ ಜಾಗ ಯಾವುದು?’ ಎಂದು ಕೇಳಿದೆ. ಕೋಣೆಯನ್ನೋ ಅಂಗಳವನ್ನೋ ಹೇಳುತ್ತಾಳೆ ಎಂದುಕೊಂಡಿದ್ದೆ. ಅವಳು ಹೇಳಿದ್ದು ಮೆಟ್ಟಿಲ ಕೆಳಗಿನ ಮೂಲೆಯನ್ನು. ಅಲ್ಲಿ ಬಾಗಿ ಕೂತು ನೋಡಿದೆ; ಗೋಡೆಯ ಮೇಲೆ ಅವಳು ಪೆನ್ಸಿಲ್‌ನಲ್ಲಿ ಬರೆದ ಪುಟ್ಟ ಚಿತ್ರಗಳಿದ್ದವು. ಇಬ್ಬರೂ ಸೇರಿ ಇಡೀ ಮನೆಯ ನಕ್ಷೆ ಬರೆದು, ಅವಳಿಗೆ ಬೇಕಾದ ಜಾಗಗಳಿಗೆ ಗುರುತು ಹಾಕಿದೆವು. ಆ ಕಾಗದ ಅವಳದೇ ಪೆಟ್ಟಿಗೆಯಲ್ಲಿ ಹೋಯಿತು. ಆ ಪೆಟ್ಟಿಗೆಯನ್ನು ಅವಳ ಕೈಯಲ್ಲೇ ತುಂಬಿಸಿ, ಲಾರಿಗೆ ಹಾಕದೆ ನಮ್ಮ ಜೊತೆಯೇ ತೆಗೆದುಕೊಂಡು ಹೋಗಿ, ಎಲ್ಲಕ್ಕಿಂತ ಮೊದಲು ಬಿಚ್ಚಿದೆವು. ನಿಮ್ಮ ಮಗಳ ಮುಖ್ಯ ದುಃಖ ಗೆಳತಿಯರದ್ದಾದರೆ, ‘ಅಲ್ಲಿ ಹೊಸಬರು ಸಿಗುತ್ತಾರೆ’ ಎನ್ನುವ ಮೊದಲು ಈಗಿನವರಲ್ಲಿ ಯಾರನ್ನು, ಯಾವ ವಾರ ಹೊಸ ಮನೆಗೆ ಕರೆಯುವುದೆಂದು ದಿನವನ್ನೇ ನಿಗದಿ ಮಾಡಿ. ಅವಳು ಸಂಕೋಚದ ಸ್ವಭಾವದವಳೆಂದು ಬರೆದಿದ್ದೀರಿ, ಆದ್ದರಿಂದ ಇದು ಇನ್ನೂ ಮುಖ್ಯ. ಶಿಗೆಹಿರೊ ಓಯಿಶಿ ಮತ್ತು ಉಲ್ರಿಚ್ ಶಿಮ್ಮಾಕ್ ಎಂಬ ಮನಶ್ಶಾಸ್ತ್ರಜ್ಞರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಾಲ್ಯದಲ್ಲಿ ಮೇಲಿಂದ ಮೇಲೆ ಮನೆ ಬದಲಾಯಿಸಿದವರ ಪೈಕಿ ದೊಡ್ಡವರಾದ ಮೇಲೆ ನೆಮ್ಮದಿ ಕಡಿಮೆ ಕಂಡದ್ದು ಅಂತರ್ಮುಖಿಗಳಲ್ಲಿ. ಒಂದು ಸಲದ ಬದಲಾವಣೆಗೆ ನೀವು ಹೆದರಬೇಕಾಗಿಲ್ಲ. ಆದರೆ ಅಂಥ ಮಗುವಿಗೆ ಹೊಸ ಸ್ನೇಹ ತಾನಾಗಿ ಕೂಡಿಬರುತ್ತದೆ ಎಂದು ಬಿಟ್ಟುಬಿಡಬೇಡಿ.

ಅತ್ತೆಯವರದು ಬೇರೆ ಬಗೆಯ ಕಷ್ಟ, ಮತ್ತು ನನ್ನ ಅನುಭವದಲ್ಲಿ ನಾವು ಕಡೆಗಣಿಸುವುದು ಅದನ್ನೇ. ನನ್ನ ತಂದೆ ನಮ್ಮ ಜೊತೆಗಿದ್ದರು. ಹೊಸ ಮನೆಯಲ್ಲಿ ಅವರು ರಾತ್ರಿ ಎದ್ದರೆ ಕೈ ತಾನಾಗಿ ಎಡಗಡೆಯ ಗೋಡೆಯನ್ನು ತಡಕುತ್ತಿತ್ತು. ಸ್ವಿಚ್ ಇದ್ದದ್ದು ಬಲಗಡೆ. ಕತ್ತಲಲ್ಲಿ ನಿಂತು ‘ಇದು ಯಾರ ಮನೆ?’ ಎಂದು ಒಮ್ಮೆ ಕೇಳಿದರು. ಬುದ್ಧಿ ಚುರುಕಾಗಿದ್ದ ಮನುಷ್ಯ ಹಾಗೆ ಕೇಳಿದಾಗ ನನಗೆ ಎದೆ ನಡುಗಿತು. ವರ್ಷಗಟ್ಟಲೆ ನಡೆದ ದಾರಿಯನ್ನು ದೇಹ ಯೋಚಿಸದೆ ನಡೆಯುತ್ತದೆ. ಅದನ್ನು ಹೊಸದಾಗಿ ಕಲಿಯಲು ವಯಸ್ಸಾದವರಿಗೆ ಹೆಚ್ಚು ಸಮಯ ಬೇಕು. ವಾಸಸ್ಥಳ ಬದಲಾದಾಗ ಬರುವ ಈ ಗಲಿಬಿಲಿ, ಆತಂಕ, ಒಂಟಿತನಗಳನ್ನು ಅಮೆರಿಕದ ಶುಶ್ರೂಷಾ ಕ್ಷೇತ್ರ 1992ರಲ್ಲೇ ಗುರುತಿಸಬೇಕಾದ ಒಂದು ಸಮಸ್ಯೆಯೆಂದು ತನ್ನ ಪಟ್ಟಿಗೆ ಸೇರಿಸಿತು.

ಆದ್ದರಿಂದ ಅತ್ತೆಯ ಕೋಣೆಯನ್ನು ಮೊದಲು ಸಿದ್ಧಮಾಡಿ. ಈಗ ಅವರ ಮಂಚ, ಮೇಜು, ಕುರ್ಚಿ, ಗಡಿಯಾರ ಹೇಗಿವೆಯೋ ಅದರ ಫೋಟೋ ತೆಗೆದಿಟ್ಟುಕೊಂಡು ಅಲ್ಲಿಯೂ ಹಾಗೆಯೇ ಜೋಡಿಸಿ. ಮಂಚದ ಯಾವ ಕಡೆಯಿಂದ ಇಳಿಯುತ್ತಾರೆ, ಕನ್ನಡಕ ಎಲ್ಲಿಡುತ್ತಾರೆ ಎಂಬುದನ್ನೂ ಗಮನಿಸಿ. ಹಳೆಯ ಹೊದಿಕೆ, ಹಳೆಯ ಪರದೆ ಇರಲಿ. ಹೊಸ ಮನೆಗೆ ಹೊಸದು ಎಂಬ ಉತ್ಸಾಹವನ್ನು ಹಜಾರಕ್ಕೆ ಮೀಸಲಿಡಿ. ಬಚ್ಚಲಿನ ದಾರಿಯಲ್ಲಿ ರಾತ್ರಿಯಿಡೀ ಒಂದು ಸಣ್ಣ ದೀಪ ಉರಿಯಲಿ, ನೆಲದ ಮೇಲೆ ಬಿಚ್ಚದ ಪೆಟ್ಟಿಗೆಗಳು ಇರದಿರಲಿ. ಅವರ ಸಾಮಾನನ್ನು ಅವರೇ ಕೂತು ವಿಂಗಡಿಸಲಿ, ಎಷ್ಟು ದಿನ ಹಿಡಿದರೂ ಸರಿ. ನೀವು ಪಕ್ಕದಲ್ಲಿ ಕೂತು ಕೇಳಿಸಿಕೊಂಡರೆ ಸಾಕು, ಒಂದೊಂದು ಡಬ್ಬಿಗೂ ಒಂದೊಂದು ಕಥೆ ಇರುತ್ತದೆ.

ನಿಮ್ಮ ಮತ್ತು ಪತಿಯ ಜಗಳದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಡಬೇಕೋ ಬಿಸಾಡಬೇಕೋ ಎಂಬ ಪ್ರಶ್ನೆಯನ್ನು ದಿನಕ್ಕೆ ನೂರು ಸಲ ಎದುರಿಸಿದ ಮೇಲೆ ಯಾರ ತಾಳ್ಮೆಯೂ ಉಳಿಯುವುದಿಲ್ಲ. ನಾವು ಮಾಡಿಕೊಂಡ ಎರಡು ನಿಯಮಗಳು ಕೆಲಸ ಮಾಡಿದವು: ರಾತ್ರಿ ಊಟವಾದ ಮೇಲೆ ಯಾವ ವಸ್ತುವಿನ ಬಗ್ಗೆಯೂ ತೀರ್ಮಾನವಿಲ್ಲ, ಒಮ್ಮತವಾಗದ ವಸ್ತು ‘ಆಮೇಲೆ ನೋಡೋಣ’ ಎಂದು ಬರೆದ ಪೆಟ್ಟಿಗೆಗೆ ಹೋಗುತ್ತದೆ. ಆರು ತಿಂಗಳ ನಂತರ ಆ ಪೆಟ್ಟಿಗೆ ತೆರೆದಾಗ ಯಾವುದಕ್ಕೆ ಜಗಳವಾಡಿದ್ದೆವು ಎಂಬುದೇ ನಮಗೆ ನೆನಪಿರಲಿಲ್ಲ. ನಿಮಗೆ ಈ ಮನೆ ಏನಾಗಿತ್ತು ಎಂದು ನೀವು ಎಲ್ಲಿಯೂ ಬರೆದಿಲ್ಲ. ಎಲ್ಲರನ್ನೂ ಸಂತೈಸುವ ಕೆಲಸ ನಿಮ್ಮ ಮೇಲೆ ಬಿದ್ದಿರುವಂತೆ ಕಾಣುತ್ತದೆ. ಅದನ್ನು ಪತಿಗೆ ಒಮ್ಮೆ ಹೇಳಿ, ಜಗಳದ ನಡುವೆ ಬೇಡ, ಬೇರೆ ಹೊತ್ತಿನಲ್ಲಿ.

ಮೊದಲ ರಾತ್ರಿ ಯಾರಿಗೂ ಸರಿಯಾಗಿ ನಿದ್ರೆ ಬಾರದಿದ್ದರೆ ಗಾಬರಿಯಾಗಬೇಡಿ. ಹೊಸ ಜಾಗದ ಮೊದಲ ರಾತ್ರಿ ಗಾಢ ನಿದ್ರೆಯಲ್ಲೂ ಮಿದುಳಿನ ಎಡಭಾಗ ಬಲಭಾಗಕ್ಕಿಂತ ಹೆಚ್ಚು ಎಚ್ಚರವಾಗಿರುತ್ತದೆ, ಸಣ್ಣ ಸದ್ದಿಗೂ ಕಿವಿ ಕೊಡುತ್ತದೆ ಎಂದು ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದರು. ಮನಸ್ಸು ಕಾವಲು ಕೂತಿರುತ್ತದೆ, ಅಷ್ಟೇ. ಬೇರೆ ಏನೂ ಬಿಚ್ಚದಿದ್ದರೂ ಸಂಜೆಯೊಳಗೆ ಹಾಸಿಗೆಗಳನ್ನು ಹಾಸಿಬಿಡಿ. ಆದರೆ ವಾರಗಳು ಕಳೆದರೂ ಮಗಳು ಶಾಲೆಗೆ ಹೋಗಲು ಒಲ್ಲೆನೆಂದರೆ, ಅತ್ತೆ ಊಟ ಬಿಟ್ಟರೆ ಅಥವಾ ಹಗಲಲ್ಲೂ ಗಲಿಬಿಲಿಗೊಂಡರೆ, ‘ಹೊಂದಿಕೊಳ್ಳುತ್ತಾರೆ ಬಿಡಿ’ ಎನ್ನದೆ ವೈದ್ಯರನ್ನು ಕಾಣಿ.

ಈಗ ಮಾವನವರ ಕೋಣೆ. ನಾವು ಮೂರನೆಯ ಮನೆ ಬಿಟ್ಟ ದಿನ ನನ್ನ ತಂದೆ ಖಾಲಿಯಾದ ಕೋಣೆಯಲ್ಲಿ ಕಿಟಕಿಯ ಕಟ್ಟೆಯ ಮೇಲೆ ಕೂತಿದ್ದರು. ನನ್ನ ತಾಯಿ ಕೊನೆಯ ತಿಂಗಳುಗಳಲ್ಲಿ ಮಲಗಿದ್ದದ್ದು ಆ ಕೋಣೆಯಲ್ಲೇ. ಹೊರಗೆ ಲಾರಿ ಹಾರ್ನ್ ಹೊಡೆಯುತ್ತಿತ್ತು. ನಾನು ಬಾಗಿಲಲ್ಲಿ ನಿಂತು ‘ಅಪ್ಪಾ, ಹೊತ್ತಾಯಿತು’ ಎಂದು ಮೂರು ಸಲ ಕರೆದೆ. ಅವರು ಎದ್ದು ಬಂದರು, ಏನೂ ಹೇಳಲಿಲ್ಲ. ಆಮೇಲೆ ಎಷ್ಟೋ ವಾರ, ಇದ್ದಕ್ಕಿದ್ದಂತೆ ‘ಆ ಕಿಟಕಿ ಹಾಕಿದೆವಾ?’ ಎಂದು ಕೇಳುತ್ತಿದ್ದರು. ಹಾಕಿದ್ದೆವು. ಅವರು ಕೇಳುತ್ತಿದ್ದದ್ದು ಕಿಟಕಿಯ ಬಗ್ಗೆ ಆಗಿರಲಿಲ್ಲವೆಂದು ನನಗೆ ತಿಳಿದದ್ದು ತಡವಾಗಿ.

ನಿಮ್ಮ ಅತ್ತೆಯನ್ನು ಈ ವಾರವೇ, ಮನೆಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತಿನಲ್ಲಿ ಕೇಳಿ: ಹೊರಡುವ ದಿನ ಆ ಕೋಣೆಯಲ್ಲಿ ಸ್ವಲ್ಪ ಹೊತ್ತು ಒಬ್ಬರೇ ಇರಬೇಕೇ, ಅಥವಾ ಮಗ ಜೊತೆಗಿರಬೇಕೇ, ಅಥವಾ ಆ ದಿನ ಅಲ್ಲಿರುವುದೇ ಬೇಡವೇ. ಮೂರರಲ್ಲಿ ಯಾವುದನ್ನು ಹೇಳಿದರೂ ಅದೇ ಆಗಲಿ. ಆ ಕೋಣೆಯ ಸಾಮಾನನ್ನು ಎಲ್ಲಕ್ಕಿಂತ ಕೊನೆಯಲ್ಲಿ ಹೊರತೆಗೆಯಿರಿ. ಅವರಿಗೆ ಬೇಕಾಗುವ ಅರ್ಧ ಗಂಟೆಯನ್ನು ಲಾರಿಯವರಿಗೆ ಮುಂಚೆಯೇ ತಿಳಿಸಿ, ಆ ದಿನದ ಲೆಕ್ಕದಲ್ಲಿ ಸೇರಿಸಿಟ್ಟುಕೊಳ್ಳಿ.